ಬಾನುಲಿಯ ಧರ್ಮಪ್ರಚಾರಕ: ಕ್ಲಾರೆನ್ಸ್ ಜೋನ್ಸ್ ನೆನಪು

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಬಾನುಲಿಯ ಚರಿತ್ರೆಯಿಂದ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದಾಗ ಅವರ ಮನಸ್ಸಿನಲ್ಲಿ ಮಾರ್ಕೋನಿಯೋ ಜಗದೀಶಚಂದ್ರ ಬೋಸರೋ ಇದ್ದಿರಬೇಕು. ನಾನು ಆರಿಸಿಕೊಂಡದ್ದು ಕ್ಲಾರೆನ್ಸ್ ವೆಸ್ಲಿ ಜೋನ್ಸ್ ಎಂಬ ಅಮೆರಿಕದ ಕ್ರೈಸ್ತ ಧರ್ಮಪ್ರಚಾರಕರನ್ನು. ಈ ಆಯ್ಕೆಗೆ ಕಾರಣ ಹೇಳುವುದು ನನ್ನ ಕರ್ತವ್ಯ. ಧರ್ಮಪ್ರಚಾರ ಎಂಬ ಮಾತು ಕಿವಿಗೆ ಬಿದ್ದೊಡನೆ ಸಭೆ ಎರಡು ಹೋಳಾಗುವ ಕಾಲದಲ್ಲಿ ನಾವಿದ್ದೇವೆ. ನಾನು ಕ್ರೈಸ್ತನಲ್ಲ. ಸರಕಾರದ ಪ್ರಸಾರ ವ್ಯವಸ್ಥೆಯಲ್ಲಿ ತಾಂತ್ರಿಕ ಅಧಿಕಾರಿಯಾಗಿ ಬಹುಕಾಲ ದುಡಿದಿದ್ದೇನೆ. ಆದರೆ ಇಂದು ಆಡುವ ಮಾತು ನನ್ನ ಸ್ವಂತದ್ದು, ಇಲಾಖೆಯದಲ್ಲ. ಜೋನ್ಸ್ ಅವರ ನಂಬಿಕೆಯನ್ನು ಹಂಚಿಕೊಳ್ಳದ ನನ್ನಂಥವನಿಗೂ ಅವರ ಬದುಕಿನಲ್ಲಿ ಕಲಿಯುವುದು ಬಹಳವಿದೆ. ಆ ಪಾಠ ಮಾತನಾಡುವುದರ ಬಗೆಗಿನದಲ್ಲ. ಮಾತಿನ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದರ ಬಗೆಗಿನದು.

ಜೋನ್ಸ್ ಹುಟ್ಟಿದ್ದು 1900ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ತಂದೆತಾಯಿ ಸಾಲ್ವೇಶನ್ ಆರ್ಮಿ ಎಂಬ ಸೇವಾಸಂಸ್ಥೆಯ ಕಾರ್ಯಕರ್ತರು. ಆ ಸಂಸ್ಥೆಯವರು ಬೀದಿಯಲ್ಲಿ ವಾದ್ಯ ನುಡಿಸಿ ಜನರನ್ನು ಸೇರಿಸುತ್ತಿದ್ದರು. ಹುಡುಗನಿಗೆ ಒಲಿದದ್ದು ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ. ಶಿಕಾಗೊದಲ್ಲಿ ಪಾಲ್ ರೇಡರ್ ಎಂಬ ಪ್ರಖ್ಯಾತ ಬೋಧಕರ ಪ್ರಭಾವಕ್ಕೆ ಅವರು ಒಳಗಾದರು. 1921ರಲ್ಲಿ ಅಲ್ಲಿನ ಮೂಡಿ ಬೈಬಲ್ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿ, ರೇಡರ್ ಕಟ್ಟಿದ ಶಿಕಾಗೊ ಗಾಸ್ಪೆಲ್ ಟ್ಯಾಬರ್ನಕಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಸಂಗೀತದ ಹೊಣೆ ಹೊತ್ತರು.

1922ರ ಜೂನ್ 17ರಂದು ಶಿಕಾಗೊ ನಗರಸಭೆಯ ಕಟ್ಟಡದ ಮಾಳಿಗೆಯ ಮೇಲಿಂದ ರೇಡರ್ ಮೊದಲ ಬಾರಿಗೆ ಬಾನುಲಿಯಲ್ಲಿ ಮಾತನಾಡಿದರು. ಸ್ಟುಡಿಯೊ ಎಂಬುದು ಅಲ್ಲಿ ಹಲಗೆ ಹೊಡೆದ ಒಂದು ಗೂಡು. ಮೈಕು ಎಂಬುದು ಆ ಹಲಗೆಯ ತೂತಿನಲ್ಲಿ ಸಿಕ್ಕಿಸಿದ ಟೆಲಿಫೋನಿನ ಬಾಯಿ. ಜೊತೆಗೆ ಹೋಗಿದ್ದ ನಾಲ್ವರು ಹಿತ್ತಾಳೆ ವಾದ್ಯಗಾರರಲ್ಲಿ ಜೋನ್ಸ್ ಒಬ್ಬರು. ಅಮೆರಿಕದಲ್ಲಿ ಬಾನುಲಿ ಆಗ ಕೂಸು. ಸಂಪ್ರದಾಯಸ್ಥ ಕ್ರೈಸ್ತರಲ್ಲಿ ಅನೇಕರು ಈ ಹೊಸ ಯಂತ್ರವನ್ನು ಅನುಮಾನದಿಂದಲೇ ನೋಡುತ್ತಿದ್ದರು. ರೇಡರ್ ಆ ಅನುಮಾನವನ್ನು ಬದಿಗಿಟ್ಟು, ಇಪ್ಪತ್ತೊಂದು ವರ್ಷದ ತರುಣನನ್ನು ಅದರ ಮುಂದೆ ನಿಲ್ಲಿಸಿದರು. ಮುಂದೆ ಅವರ ಪ್ರಸಾರಗಳು ಬೆಳೆದಂತೆ ಕಾರ್ಯಕ್ರಮಗಳನ್ನು ರೂಪಿಸುವ ಕೆಲಸದಲ್ಲಿ ಜೋನ್ಸ್ ಪಳಗಿದರು. ಗುರುವಿನ ದೊಡ್ಡಸ್ತಿಕೆ ಎಲ್ಲಿ ಕಾಣುತ್ತದೆಂದರೆ, ಶಿಷ್ಯನನ್ನು ತನ್ನ ನೆರಳಿನಲ್ಲೇ ಉಳಿಸಿಕೊಳ್ಳಲಿಲ್ಲ.

1928ರಲ್ಲಿ ಜೋನ್ಸ್ ದಕ್ಷಿಣಕ್ಕೆ ಹೊರಟರು. ಲ್ಯಾಟಿನ್ ಅಮೆರಿಕದಲ್ಲಿ ಒಂದು ಬಾನುಲಿ ಕೇಂದ್ರ ಸ್ಥಾಪಿಸುವುದು ಉದ್ದೇಶ. ವೆನೆಜುವೆಲಾ, ಕೊಲಂಬಿಯಾ, ಪನಾಮಾ, ಕ್ಯೂಬಾ ನಾಲ್ಕೂ ಕಡೆ ಬಾಗಿಲು ಮುಚ್ಚಿತು. ಬರಿಗೈಯಲ್ಲಿ ಶಿಕಾಗೊಗೆ ಮರಳಿದ ಅವರಿಗೆ ದಾರಿ ತೋರಿದವರು ಎಕ್ವಡಾರಿನ ಕಾಡುಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ರೂಬೆನ್ ಲಾರ್ಸನ್ ಎಂಬ ಮಿಷನರಿ. ಎಕ್ವಡಾರ್ ಗಾಢವಾಗಿ ಕ್ಯಾಥೊಲಿಕ್ ನಾಡು. ಪ್ರೊಟೆಸ್ಟಂಟರು ಅಲ್ಲಿ ಬೆರಳೆಣಿಕೆಯವರು. ಆದರೆ 1895ರ ಉದಾರವಾದಿ ಕ್ರಾಂತಿಯ ತರುವಾಯ ಆ ದೇಶ ಚರ್ಚನ್ನೂ ಪ್ರಭುತ್ವವನ್ನೂ ಬೇರ್ಪಡಿಸಿತ್ತು. 1930ರ ಆಗಸ್ಟ್ 15ರಂದು ಅಲ್ಲಿನ ಸರಕಾರ ಇಪ್ಪತ್ತೈದು ವರ್ಷಗಳ ಪರವಾನಗಿ ನೀಡಿತು. ತಮ್ಮ ದೇಶದ ಬಹುಸಂಖ್ಯಾತರ ಪಂಥಕ್ಕೆ ಸೇರದ ಪರದೇಶಿಯೊಬ್ಬನಿಗೆ ಆಕಾಶದಲ್ಲಿ ಒಂದು ದಾರಿ ಬಿಟ್ಟುಕೊಟ್ಟ ಈ ನಿರ್ಧಾರವನ್ನು ಗಮನದಲ್ಲಿಡಿ. ಮತ್ತೆ ಇದರ ಬಳಿಗೆ ಬರುತ್ತೇನೆ.

ತಜ್ಞರು ಬೇಡವೆಂದರು. ಭೂಮಧ್ಯರೇಖೆಯ ಸಮೀಪ, ಆಂಡೀಸ್ ಪರ್ವತಗಳ ನಡುವೆ ಬಾನುಲಿ ಕೇಂದ್ರವೆ? ತರಂಗಗಳು ಬೆಟ್ಟಕ್ಕೆ ಬಡಿದು ಅಲ್ಲೇ ಸಾಯುತ್ತವೆ ಎಂಬುದು ಅಂದಿನ ಅಭಿಪ್ರಾಯ. ಆದರೂ ರಾಜಧಾನಿ ಕೀಟೊದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ, 1931ರ ಕ್ರಿಸ್‌ಮಸ್ ದಿನ ಎಚ್.ಸಿ.ಜೆ.ಬಿ. ಕೇಂದ್ರ ನುಡಿಯಿತು. ಪ್ರಸಾರ ಯಂತ್ರದ ಶಕ್ತಿ 250 ವಾಟ್ ಮೀರದು. ಮನೆಯ ಇಸ್ತ್ರಿಪೆಟ್ಟಿಗೆಗೂ ಅದಕ್ಕಿಂತ ಹೆಚ್ಚು ಬೇಕು. ಪತ್ನಿ ಕ್ಯಾಥರೀನ್ ಆರ್ಗನ್ ನುಡಿಸಿದರು, ಜೋನ್ಸ್ ಟ್ರಾಂಬೋನ್ ಊದಿದರು, ಲಾರ್ಸನ್ ಸ್ಪಾನಿಷ್‌ನಲ್ಲಿ ಮಾತನಾಡಿದರು. ಆ ದಿನ ಇಡೀ ದೇಶದಲ್ಲಿದ್ದ ರೇಡಿಯೊ ಪೆಟ್ಟಿಗೆಗಳನ್ನು ಕೈಬೆರಳಲ್ಲಿ ಎಣಿಸಿ ಮುಗಿಸಬಹುದಿತ್ತು. ಕೇಳುವವರು ಹುಟ್ಟುವ ಮುನ್ನವೇ ಹೇಳುವವರು ಬಂದು ಕುಳಿತಿದ್ದರು.

ಈ ಸಂಗತಿಯನ್ನು ಓದುವಾಗ ಕನ್ನಡಿಗನಿಗೆ ಮೈಸೂರು ನೆನಪಾಗದೆ ಇರದು. ಕೀಟೊ ಕೇಂದ್ರಕ್ಕಿಂತ ನಾಲ್ಕು ವರ್ಷಗಳೂ ತುಂಬದಷ್ಟು ತಡವಾಗಿ, 1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟದೊಂದು ಬಾನುಲಿ ಕೇಂದ್ರ ತೆರೆದರು. ಮೊದಲಿಗೆ 30 ವಾಟ್, ಆಮೇಲೆ 250 ವಾಟ್. ನಾ. ಕಸ್ತೂರಿಯವರು ಅದಕ್ಕೆ ಸೂಚಿಸಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಪ್ರಸಾರ ವ್ಯವಸ್ಥೆಗೇ ಹೆಸರಾಯಿತು. ಒಬ್ಬರ ಹಿಂದೆ ಚರ್ಚು, ಇನ್ನೊಬ್ಬರ ಹಿಂದೆ ಕಾಲೇಜು. ಉದ್ದೇಶಗಳು ಬೇರೆ, ಧೈರ್ಯ ಒಂದೇ. ಇಬ್ಬರೂ ಯಂತ್ರವನ್ನು ಲಾಭಕ್ಕಾಗಿ ಕೊಳ್ಳಲಿಲ್ಲ.

ಈಗ ಭಾಷೆಯ ವಿಷಯ. ಕೀಟೊ ಕೇಂದ್ರ ಇಂಗ್ಲಿಷ್ ಒಂದನ್ನೇ ನೆಚ್ಚಿಕೊಂಡಿದ್ದರೆ ಅದು ಪರದೇಶಿಗಳ ಕ್ಲಬ್ಬಾಗಿ ಉಳಿಯುತ್ತಿತ್ತು. ಸ್ಪಾನಿಷ್‌ನಿಂದ ಮೊದಲುಗೊಂಡ ಅದು ಕಿಚುವಾ ಭಾಷೆಗೂ ಬಂದಿತು. ಕಿಚುವಾ ಆಂಡೀಸಿನ ಮೂಲನಿವಾಸಿಗಳ ನುಡಿ. ಜಮೀನುದಾರನ ಅಂಗಳದಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಅದಕ್ಕೆ ಮಾನವಿರಲಿಲ್ಲ. ಅಂಥ ನುಡಿ ಪೆಟ್ಟಿಗೆಯೊಳಗಿಂದ, ಅಧ್ಯಕ್ಷರ ಭಾಷಣ ಬರುವ ಅದೇ ಪೆಟ್ಟಿಗೆಯೊಳಗಿಂದ ಕೇಳಿಬಂದಾಗ ಆ ಜನಕ್ಕೆ ಏನೆನಿಸಿರಬೇಕೆಂಬುದು ಹೊರನಾಡಿನಲ್ಲಿ ಕುಳಿತು ಕನ್ನಡದ ದನಿಗೆ ಕಾತರಿಸಿದ ನಮಗೆ ತಿಳಿಯದ್ದಲ್ಲ. ತರುವಾಯ ರಷ್ಯನ್, ಜರ್ಮನ್ ಮೊದಲಾದ ಭಾಷೆಗಳೂ ಸೇರಿದವು. ಮನೆಯಿಂದ ದೂರವಿದ್ದವನಿಗೆ ಮನೆಮಾತು ಮುಟ್ಟಿಸುವುದು ಶಾರ್ಟ್‌ವೇವ್ ಬಾನುಲಿಯ ಮುಖ್ಯ ಧರ್ಮವಾಯಿತು.

ಜೋನ್ಸ್ ಅವರೊಳಗಿನ ಗುರುವನ್ನು ನನ್ನಂಥ ಎಂಜಿನಿಯರಿಗೆ ತೋರಿಸಿಕೊಡುವುದು ಒಂದು ಆಂಟೆನಾದ ಕಥೆ. 1940ರಲ್ಲಿ ಕೇಂದ್ರಕ್ಕೆ 10,000 ವಾಟ್‌ಗಳ ಪ್ರಸಾರ ಯಂತ್ರ ಬಂದಿತು. ಶಕ್ತಿ ಹೆಚ್ಚಿದೊಡನೆ ಹೊಸ ಸಂಕಟ ಎದುರಾಯಿತು. ಆ ಎತ್ತರದಲ್ಲಿ ಗಾಳಿ ತೆಳು; ವಿದ್ಯುತ್ತನ್ನು ತಡೆಯುವ ಅದರ ಗುಣವೂ ಕಡಿಮೆ. ಆಂಟೆನಾದ ಸರಳುಗಳ ತುದಿಯಲ್ಲಿ ಒತ್ತಡ ಅತಿ ಹೆಚ್ಚು. ರಾತ್ರಿ ಆ ತುದಿಗಳು ಕಿಡಿಕಾರಿ ಬೆಳಗುತ್ತಿದ್ದವು, ಲೋಹ ಕರಗಿ ತೊಟ್ಟಿಕ್ಕುತ್ತಿತ್ತು. ಕ್ಲಾರೆನ್ಸ್ ಮೂರ್ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ಹುಡುಕಿದರು. ತುದಿಯಲ್ಲಿ ತೊಂದರೆಯಾದರೆ ತುದಿಯೇ ಇಲ್ಲದ ಆಂಟೆನಾ ಕಟ್ಟಿದರಾಯಿತು! ತಂತಿಯನ್ನು ಚೌಕಾಕಾರದಲ್ಲಿ ಸುತ್ತಿ ಮುಚ್ಚಿದರು. ‘ಕ್ಯೂಬಿಕಲ್ ಕ್ವಾಡ್’ ಎಂದು ಹೆಸರಾದ ಈ ವಿನ್ಯಾಸಕ್ಕೆ 1951ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಹವ್ಯಾಸಿ ರೇಡಿಯೊದವರು ಜಗತ್ತಿನ ಮೂಲೆಮೂಲೆಯಲ್ಲಿ ಇಂದಿಗೂ ಅದನ್ನು ಕಟ್ಟುತ್ತಾರೆ. ಅದರ ಕೆಳಗೆ ಕುಳಿತವರಲ್ಲಿ ನಾಸ್ತಿಕರೂ ಇದ್ದಾರೆ, ಎಲ್ಲ ಮತದವರೂ ಇದ್ದಾರೆ.

ಜೋನ್ಸ್ ಎಂಜಿನಿಯರರಲ್ಲ, ವೈದ್ಯರಲ್ಲ, ಭಾಷಾಶಾಸ್ತ್ರಜ್ಞರೂ ಅಲ್ಲ; ಟ್ರಾಂಬೋನ್ ಊದುವವರು. ಆದುದರಿಂದಲೇ ತಮಗೆ ತಿಳಿಯದ ಕೆಲಸವನ್ನು ತಿಳಿದ ಕಿರಿಯರ ಕೈಗೆ ಒಪ್ಪಿಸಿ, ಅವರ ಬೆನ್ನ ಹಿಂದೆ ನಿಲ್ಲುವುದನ್ನು ರೂಢಿಸಿಕೊಂಡರೆಂದು ತೋರುತ್ತದೆ. 1946ರಲ್ಲಿ ‘ರೇಡಿಯೊ: ದ ನ್ಯೂ ಮಿಷನರಿ’ ಎಂಬ ಪುಸ್ತಕ ಬರೆದು, ಈ ದಾರಿ ಹಿಡಿಯಲಿರುವವರಿಗೆ ತಮ್ಮ ಅನುಭವವನ್ನು ತೆರೆದಿಟ್ಟರು. 1955ರಲ್ಲಿ ಕೀಟೊದಲ್ಲಿ ಸಂಸ್ಥೆಯ ಆಸ್ಪತ್ರೆ ಆರಂಭವಾಯಿತು. 1960ರ ದಶಕದ ಆರಂಭದಲ್ಲಿ, ಇನ್ನೂ ಕೈಕಾಲು ಗಟ್ಟಿಯಿರುವಾಗಲೇ, ಅಧ್ಯಕ್ಷ ಸ್ಥಾನವನ್ನು ಏಬ್ ವಾನ್ ಡರ್ ಪಾಯ್ ಅವರಿಗೆ ವಹಿಸಿಕೊಟ್ಟರು. 1986ರಲ್ಲಿ ತೀರಿಕೊಂಡರು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸ್ತುತಿಪಾಠವಾದೀತು. ಎರಡು ಆಕ್ಷೇಪಗಳನ್ನು ಎತ್ತಲೇಬೇಕು. ಇಂಥ ಮಿಷನರಿ ಕೇಂದ್ರಗಳು ಬಡ ಹಳ್ಳಿಗಳಿಗೆ ರೇಡಿಯೊ ಪೆಟ್ಟಿಗೆ ಹಂಚಿದ್ದುಂಟು. ಆದರೆ ಅವು ಒಂದೇ ಕೇಂದ್ರಕ್ಕೆ ಬಿಗಿದ ಪೆಟ್ಟಿಗೆಗಳು. ತಿರುಗುಣಿಯಿಲ್ಲದ ರೇಡಿಯೊ ಕೊಡುಗೆಯೂ ಹೌದು, ಕಟ್ಟೂ ಹೌದು. ಕೇಳುವ ಹಕ್ಕಿನಲ್ಲಿ ಆರಿಸಿ ಕೇಳುವ ಹಕ್ಕೂ ಸೇರಿದೆ ಎಂಬುದನ್ನು ಆ ಪೆಟ್ಟಿಗೆ ಮರೆಸಿತು. ಎರಡನೆಯದು: ಸ್ಥಳೀಯರು ನುಡಿದರು, ಹಾಡಿದರು, ಕಾರ್ಯಕ್ರಮ ನಡೆಸಿದರು, ಸಂಸ್ಥೆಯ ಅತ್ಯುನ್ನತ ಪೀಠ ಮಾತ್ರ ದಶಕಗಳ ಕಾಲ ಉತ್ತರ ಅಮೆರಿಕದವರಲ್ಲೇ ಉಳಿಯಿತು. ಮೈಕು ಕೈದಾಟಿತು, ಕೀಲಿಕೈ ದಾಟಲಿಲ್ಲ.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಸ್ವಾತಂತ್ರ್ಯಾನಂತರ ಬಾನುಲಿ ದೀರ್ಘಕಾಲ ಸರಕಾರದ ಏಕಸ್ವಾಮ್ಯದಲ್ಲಿತ್ತು. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು. ಆ ಬಳಿಕ ಬಂದ ಖಾಸಗಿ ಎಫ್.ಎಂ. ನೀತಿ ಧಾರ್ಮಿಕ ಸಂಸ್ಥೆಗಳನ್ನು ಹೊರಗಿಟ್ಟಿತು. ಹಾಗೆಂದು ಆಕಾಶಕ್ಕೆ ಬೇಲಿ ಹಾಕಲಾದೀತೆ? ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪದಿಂದ ಫೀಬಾ ಸಂಸ್ಥೆ 1970ರಿಂದ 2003ರವರೆಗೆ ಭಾರತದತ್ತ ಪ್ರಸಾರ ಮಾಡಿತು. ಬೆಂಗಳೂರಿನಲ್ಲಿ ಸಿದ್ಧವಾದ ಕನ್ನಡ ಕಾರ್ಯಕ್ರಮಗಳೂ ಅದರಲ್ಲಿದ್ದವು. ನನ್ನ ತಲೆಮಾರಿನ ಶಾರ್ಟ್‌ವೇವ್ ಹುಚ್ಚಿನವರು ಅವನ್ನು ಕೇಳಿದ್ದೇವೆ. ಕೇಳಿದ ಮಾತ್ರಕ್ಕೆ ನಾನು ಮತ ಬದಲಿಸಲಿಲ್ಲ. ಸಮುದ್ರದಾಚೆಯಿಂದ ಕನ್ನಡ ಬರುತ್ತಿದೆಯೆಂಬ ಪುಲಕ ಮಾತ್ರ ಸುಳ್ಳಲ್ಲ. ಇಂದು ಉಪಗ್ರಹ ಟಿ.ವಿ.ಯಲ್ಲಿ ಎಲ್ಲ ಮತಗಳ ಭಕ್ತಿ ವಾಹಿನಿಗಳಿವೆ. ಬಾನುಲಿಗೊಂದು ನ್ಯಾಯ, ಟಿ.ವಿ.ಗೊಂದು ನ್ಯಾಯ ಏಕೆಂದು ನಾಗರಿಕನಾಗಿ ಕೇಳಬಹುದಾದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ತಿರುಗುಣಿ ಕೇಳುಗನ ಕೈಯಲ್ಲಿರುವವರೆಗೆ ಪ್ರಚಾರಕನಿಗೆ ಅಂಜಬೇಕಾಗಿಲ್ಲ. ಎಕ್ವಡಾರ್ 1930ರಲ್ಲಿ ತೋರಿದ ಆತ್ಮವಿಶ್ವಾಸ ನನಗೆ ಮೆಚ್ಚಿಗೆಯಾಗುವುದು ಇದಕ್ಕೇ.

ಕನ್ನಡಿಗರಾದ ನಮಗೆ ಇದು ಹೊಸ ಪಾಠವೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಆರಂಭಿಸಿದರು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಇಬ್ಬರೂ ಬಂದದ್ದು ಧರ್ಮಪ್ರಚಾರಕ್ಕೆ. ಅವರ ಉದ್ದೇಶವನ್ನು ಒಪ್ಪದವರೂ ಅವರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಬರೆದರು. ಕೃತಜ್ಞತೆ ಬೇರೆ, ಸಮ್ಮತಿ ಬೇರೆ. ಈ ವಿವೇಕ ನಮ್ಮ ಹಿರಿಯರಲ್ಲಿತ್ತು. ಅದು ಕಳೆದುಹೋದರೆ ನಷ್ಟ ಕಿಟೆಲರಿಗಲ್ಲ, ಕನ್ನಡಕ್ಕೆ.

ಕೊನೆಯದಾಗಿ ನಮ್ಮ ಸಂಘದ ಮಾತು. ಕೀಟೊದ ಬಳಿಯ ಪೀಫೊ ಎಂಬಲ್ಲಿ ಆ ಕೇಂದ್ರದ ದೊಡ್ಡ ಆಂಟೆನಾಗಳ ತೋಪೇ ಇತ್ತು. ಹೊಸ ವಿಮಾನ ನಿಲ್ದಾಣಕ್ಕಾಗಿ ಅವನ್ನು ಕೆಡವಬೇಕಾಯಿತು. 2009ರಲ್ಲಿ ಅಲ್ಲಿಂದ ಶಾರ್ಟ್‌ವೇವ್ ಪ್ರಸಾರ ಮುಗಿಯಿತು. ಕಂಬಗಳು ಉರುಳಿದರೂ ಸಂಸ್ಥೆ ಉರುಳಲಿಲ್ಲ. ಕೆಲಸ ಬಲ್ಲ ಕೈಗಳು ಅಷ್ಟು ಹೊತ್ತಿಗೆ ಅನೇಕವಾಗಿದ್ದವು. ಹೊರನಾಡ ಸಂಘಗಳಲ್ಲಿ ಕಟ್ಟಡಗಳಿವೆ, ವೇದಿಕೆಗಳಿವೆ, ಒಳ್ಳೆಯ ಧ್ವನಿವರ್ಧಕಗಳೂ ಇವೆ. ಅವುಗಳ ಮುಂದೆ ಇಪ್ಪತ್ತು ವರ್ಷಗಳಿಂದ ನಿಂತವರು ನಾವೇ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕನ್ನಡದಲ್ಲಿ ಒತ್ತಕ್ಷರ ಜಾರುತ್ತದೆ, ಹಿಂದಿ ಬೆರೆಯುತ್ತದೆ ಎಂದು ಅವರನ್ನು ಪ್ರಾರ್ಥನೆ ಹಾಡಿಸಿ ಕೆಳಗಿಳಿಸುತ್ತೇವೆ. ರೇಡರ್ ತಮ್ಮ ಶಿಷ್ಯ ಪರಿಪೂರ್ಣನಾಗಲೆಂದು ಕಾದಿದ್ದರೆ ಆ ಮಾಳಿಗೆಯ ಮೇಲೆ ಜೋನ್ಸ್ ಇರುತ್ತಿರಲಿಲ್ಲ.

ಆದ್ದರಿಂದ ಅಧ್ಯಕ್ಷರಲ್ಲಿ ಒಂದು ವಿನಂತಿ. ಈ ಮಾಲೆಯ ಮುಂದಿನ ಉಪನ್ಯಾಸಕ್ಕೆ ಮೂವತ್ತರ ಒಳಗಿನವರೊಬ್ಬರನ್ನು ಕರೆಯಿರಿ. ವಿಷಯವನ್ನು ಅವರೇ ಆರಿಸಿಕೊಳ್ಳಲಿ. ವೇದಿಕೆಯ ಮೇಲಲ್ಲ, ಎದುರಿನ ಸಾಲಿನಲ್ಲಿ ಕುಳಿತು ಕೇಳಲು ನಾನು ಬರುತ್ತೇನೆ.