ಹತ್ತು ಕಿಲೋಮೀಟರ್ ಓಟ: ಆತುರ ಬೇಡ, ಅಭ್ಯಾಸ ಬೇಕು

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಆಸ್ಪತ್ರೆಯ ಆವರಣದಲ್ಲಿ ಏರ್ಪಡಿಸಿದ್ದ ಆರೋಗ್ಯ ಚಿಂತನ ಕಾರ್ಯಕ್ರಮದಲ್ಲಿ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)

 

ಹೃದಯಾಘಾತವಾದ ತಂದೆಯ ಮಂಚದ ಪಕ್ಕ ಕುಳಿತ ಮಕ್ಕಳು ನಮ್ಮನ್ನು ಮೇಲಿಂದ ಮೇಲೆ ಕೇಳುವ ಮಾತೊಂದಿದೆ. "ಡಾಕ್ಟ್ರೇ, ನಮಗೂ ಹೀಗಾಗಬಾರದು ಅಂದ್ರೆ ನಾಳೆಯಿಂದ ಓಡೋಕೆ ಶುರು ಮಾಡಲಾ?" ಓಡಿ, ಬಹಳ ಒಳ್ಳೆಯದು. ಆದರೆ ನಾಳೆಯಿಂದಲೇ ಬೇಡ. ಮೊದಲು ತಪಾಸಣೆ, ಆಮೇಲೆ ನಡಿಗೆ, ಅನಂತರ ಓಟ. ಇಂದು ನಾನು ಹೇಳಬೇಕಾದ್ದು ಇಷ್ಟೇ.

ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿ.ಮೀ. ಓಟದ ದೊಡ್ಡ ಸ್ಪರ್ಧೆ ಆರಂಭವಾಯಿತು. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಅಲ್ಲಿ 27 ನಿಮಿಷ 38 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಅದು ಅವರ ಬದುಕಿನ ವೃತ್ತಿ. ನಮ್ಮಂಥವರು 75 ನಿಮಿಷದಲ್ಲಿ, 80 ನಿಮಿಷದಲ್ಲಿ ಮುಗಿಸಿದರೂ ಅದು ಸಾಧನೆಯೇ.

ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65 ವರ್ಷದೊಳಗೆ ಹೃದಯರೋಗ ಬಂದಿದ್ದರೆ ನಿಮಗೂ ಅಪಾಯ ಹೆಚ್ಚು. ಅಂಥವರು, ಬೀಡಿ-ಸಿಗರೇಟು ಸೇದುವವರು, ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಇ.ಸಿ.ಜಿ. ಪರೀಕ್ಷೆ ಮಾಡಿಸಿಕೊಂಡು ವೈದ್ಯರನ್ನು ಕೇಳಿಯೇ ಓಟಕ್ಕಿಳಿಯಬೇಕು. ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರ ಅಪ್ಪಣೆಯಿಲ್ಲದೆ ಓಡಲೇಬಾರದು.

ನಿಧಾನ ಏಕೆ ಬೇಕು? ಓಡತೊಡಗಿದ ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಆದರೆ ಮೂಳೆಗಳು, ಹಿಮ್ಮಡಿಯ ಮೇಲಿನ ಹುರಿಯಂಥ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಿದ್ಧವಾಗಿದೆ, ಕಾಲು ಸಿದ್ಧವಾಗಿಲ್ಲ. ಮೊಣಕಾಲು ನೋವು ಬರುವುದು ಇಲ್ಲಿಯೇ.

ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಬಲ್ಲವರಿಗೆ ಹನ್ನೆರಡು ವಾರಗಳ ಅಭ್ಯಾಸ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ನಾಲ್ಕು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಅರ್ಧ ಗಂಟೆ. ಮುಂದಿನ ನಾಲ್ಕು ವಾರ ನಡಿಗೆ ಕಡಿಮೆ ಮಾಡುತ್ತ ಮೂರರಿಂದ ಐದು ಕಿ.ಮೀ. ಆಮೇಲೆ ಭಾನುವಾರಕ್ಕೊಂದು ಉದ್ದದ ಓಟ: ಆರು, ಏಳು, ಎಂಟು ಕಿ.ಮೀ. ಕೊನೆಯ ವಾರ ಅರ್ಧಕ್ಕೆ ಇಳಿಸಿ, ವಿಶ್ರಾಂತಿ ಕೊಡಿ. ಎಂಟು ಓಡಿದವರು ಸ್ಪರ್ಧೆಯ ದಿನ ಹತ್ತು ಓಡುತ್ತಾರೆ. ಪಕ್ಕದವರೊಡನೆ ಮಾತನಾಡುತ್ತ ಓಡುವಂತಿದ್ದರೆ ವೇಗ ಸರಿಯಾಗಿದೆ ಎಂದು ತಿಳಿಯಿರಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ನಾಡಿಬಡಿತ ಏರಲು ಬಿಡುವುದಿಲ್ಲ. ಅವರು ನಾಡಿ ಎಣಿಸುವುದಕ್ಕಿಂತ ಈ ಮಾತಿನ ಅಳತೆಯನ್ನೇ ನಂಬುವುದು ಲೇಸು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಓಟಕ್ಕೆ ಮುನ್ನ ಸಕ್ಕರೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಸ್ವಲ್ಪ ತಿನ್ನಿ. 250 ಮೀರಿದ್ದರೆ ಅಂದು ಓಟ ಬಿಟ್ಟು ವೈದ್ಯರನ್ನು ಕೇಳಿ. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಬೆವರು, ನಡುಕ, ತಲೆಸುತ್ತು ಬಂದರೆ ನಿಂತು ತಿನ್ನಿ. ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಸ್ಪರ್ಶ ತಿಳಿಯದ ಕಾಲಿನಲ್ಲಿ ಸಣ್ಣ ಗುಳ್ಳೆಯೂ ದೊಡ್ಡ ಹುಣ್ಣಾದೀತು.

ಓಟದ ದಿನ ಹೊಸದೇನೂ ಬೇಡ. ಅಭ್ಯಾಸದ ಬೂಟನ್ನೇ ಹಾಕಿಕೊಳ್ಳಿ. ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಸಾಕು. ನೀರನ್ನು ಬಾಯಾರಿದಷ್ಟು ಕುಡಿಯಿರಿ. ಅತಿಯಾದರೆ ರಕ್ತದ ಸೋಡಿಯಂ ಇಳಿದು ತೊಂದರೆಯಾಗುತ್ತದೆ. ನೋವಿನ ಮಾತ್ರೆ ನುಂಗಿ ಓಡಬೇಡಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಜನರ ಉತ್ಸಾಹ ಕಂಡು ಮೊದಲ ಮೂರು ಕಿ.ಮೀ. ಧಾವಿಸಿದವರು ಏಳನೆಯದರಲ್ಲಿ ಸೋಲುತ್ತಾರೆ. ನಡುವೆ ನಡೆದರೆ ನಾಚಿಕೆಯೇನಿಲ್ಲ. ಗುರಿ ಮುಟ್ಟಿದ ಕೂಡಲೇ ನಿಲ್ಲದೆ ಹತ್ತು ನಿಮಿಷ ನಡೆಯಿರಿ. ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆಸುತ್ತು ಬರುತ್ತದೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಓಡುವಾಗ ಎದೆಯಲ್ಲಿ ಭಾರ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ "ಗ್ಯಾಸ್ ಇರಬೇಕು" ಎಂದು ಮುಂದುವರಿಯಬೇಡಿ. ಅಲ್ಲಿಯೇ ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿಸಿ. ಓಟ ಮುಂದಿನ ವರ್ಷವೂ ಬರುತ್ತದೆ.

ಬಂಧುಗಳೇ, ಕಾಯಕ ಎಂಬ ಮಾತಿನಲ್ಲಿಯೇ ಕಾಯವಿದೆ. ಕಾಯ ಗಟ್ಟಿಯಿದ್ದರೆ ಕಾಯಕವೂ ನಡೆದೀತು, ದಾಸೋಹವೂ ನಡೆದೀತು. ಆಪರೇಷನ್ ಆಗಿ ಮಲಗಿರುವವರಿಗೆ, ವೈದ್ಯರು ಹೇಳಿದ ದಿನ ವಾರ್ಡಿನ ತುದಿಯವರೆಗೆ ನಡೆದು ಬರುವುದೇ ಓಟ. ಅವರ ಕೈ ಹಿಡಿದು ನಡೆಸುವ ನೀವು, ಮನೆಗೆ ಹೋಗುವ ಮುನ್ನ ನಿಮ್ಮದೂ ಬಿ.ಪಿ. ನೋಡಿಸಿಕೊಂಡು ಹೋಗಿ. ನಿಮ್ಮ ಹತ್ತು ಕಿಲೋಮೀಟರ್ ಅಲ್ಲಿಂದಲೇ ಶುರುವಾಗಲಿ.