ಹಿಟ್ಟು ನಮಗೆ, ದೂಳು ಯಾರಿಗೆ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಬೀಸುಕಲ್ಲು ನಮಗೆಲ್ಲ ಗೊತ್ತು. ಅದರಲ್ಲಿ ರಾಗಿ ಬೀಸಿದ್ದೇವೆ. ಬೇಳೆ ಒಡೆದಿದ್ದೇವೆ. ಪದ ಹಾಡುತ್ತಾ ಕೈನೋವು ಮರೆತಿದ್ದೇವೆ. ಈಗ ಹಿಟ್ಟಿನ ಗಿರಣಿ ಬಂದಿದೆ. ಆದರೂ ಬೀಸುಕಲ್ಲು ಮಾಡುವವರು ಇನ್ನೂ ಇದ್ದಾರೆ.

ಅದನ್ನು ಹೇಗೆ ಮಾಡುತ್ತಾರೆ? ಮೊದಲು ಒಳ್ಳೆಯ ಕಲ್ಲು ಆರಿಸಬೇಕು. ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಣ್ ಅಂದರೆ ಕಲ್ಲು ಗಟ್ಟಿ. ಸದ್ದು ಮಂಕಾದರೆ ಒಳಗೆ ಬಿರುಕು ಇದೆ ಅಂತ ಅರ್ಥ.

ಆಮೇಲೆ ಕಲ್ಲಿನ ಮೇಲೆ ದುಂಡಗೆ ಗೆರೆ ಎಳೆಯುತ್ತಾರೆ. ಉಳಿ ಇಟ್ಟು ಸುತ್ತಲೂ ಕಟೆಯುತ್ತಾರೆ. ಒಂದೇ ಅಳತೆಯ ಎರಡು ಕಲ್ಲು ಆಗಬೇಕು. ಕೆಳಗಿನ ಕಲ್ಲಿನ ನಡುವೆ ಗೂಟ ನೆಡುತ್ತಾರೆ. ಮೇಲಿನ ಕಲ್ಲಿನ ನಡುವೆ ತೂತು ಕೊರೆಯುತ್ತಾರೆ. ಕಾಳು ಹಾಕುವ ಬಾಯಿ ಅದೇ. ಅಂಚಿನಲ್ಲಿ ಹಿಡಿ ಕೂರಿಸಲು ಇನ್ನೊಂದು ತೂತು.

ಕೊನೆಗೆ ಎರಡೂ ಕಲ್ಲಿನ ಮುಖವನ್ನು ಉಳಿಯಿಂದ ಒರಟು ಮಾಡುತ್ತಾರೆ. ನುಣ್ಣಗಿದ್ದರೆ ಕಾಳು ಜಾರುತ್ತೆ, ಹಿಟ್ಟಾಗಲ್ಲ. ಬೀಸಿ ಬೀಸಿ ಕಲ್ಲು ಸವೆದಾಗ ಮತ್ತೆ ಉಳಿ ಹಾಕಿಸುವುದು ಇದಕ್ಕೇ. ಹೊಸ ಕಲ್ಲಿನಲ್ಲಿ ಮೊದಲು ತೌಡು ಬೀಸಿ ಚೆಲ್ಲಬೇಕು. ಇಲ್ಲದಿದ್ದರೆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುತ್ತೆ.

ಈ ಪುಡಿ ಒಂದೆರಡು ಸಲ ಬೀಸಿದರೆ ನಮ್ಮ ಕಲ್ಲಿನಿಂದ ಹೋಗುತ್ತದೆ. ಕಲ್ಲು ಕಟೆಯುವವರು ಮಾತ್ರ ದಿನವೂ ಅದನ್ನು ಉಸಿರಾಡುತ್ತಾರೆ. ಗಂಡ ಕಟೆಯುತ್ತಾನೆ. ಹೆಂಡತಿ ಚೂರು ಹೊರುತ್ತಾಳೆ. ಪಕ್ಕದಲ್ಲೇ ಮಗು ಮಲಗಿರುತ್ತೆ. ಕಣ್ಣಿಗೆ ಕಾಣದ ದೂಳು ಮೂವರ ಎದೆಗೂ ಹೋಗುತ್ತೆ.

ಈ ದೂಳಿನಿಂದ ಬರುವ ಕಾಯಿಲೆಯ ಹೆಸರು ಸಿಲಿಕೋಸಿಸ್. ಸಾಮಾನ್ಯವಾಗಿ ಇದು ತಟ್ಟನೆ ಬರುವುದಿಲ್ಲ. ವರ್ಷಗಟ್ಟಲೆ ದೂಳು ಕುಡಿದ ಮೇಲೆ ಕೆಮ್ಮು, ಏದುಸಿರು ಶುರುವಾಗುತ್ತದೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಈ ಕಾಯಿಲೆ ಇದ್ದವರಿಗೆ ಕ್ಷಯವೂ ಬೇಗ ತಗಲುತ್ತದೆ. ಹಾಗಾಗಿ ಬರದಂತೆ ತಡೆಯುವುದೇ ದಾರಿ.

ಏನು ಮಾಡಬೇಕು?

ಕಲ್ಲಿಗೆ ನೀರು ಹಾಕಿ ಕಟೆಯಿರಿ. ದೂಳು ಕಡಿಮೆ ಏಳುತ್ತದೆ.

ಗಾಳಿ ಬೆನ್ನ ಕಡೆಯಿಂದ ಬರುವಂತೆ ಕೂರಿ. ದೂಳು ಮುಂದಕ್ಕೆ ಹೋಗುತ್ತದೆ.

ಬರೀ ಸೆರಗು, ಟವೆಲು ಸಾಲದು. ಸಣ್ಣ ದೂಳು ಬಟ್ಟೆಯೊಳಗೂ ನುಗ್ಗುತ್ತದೆ. ದೂಳು ತಡೆಯುವ ಮಾಸ್ಕ್ ಬೇಕು.

ಕರೆಂಟಿನ ಮಿಷಿನ್ನಿನಲ್ಲಿ ಕೊಯ್ದರೆ ಕೆಲಸ ಬೇಗ, ಆದರೆ ದೂಳು ಇನ್ನೂ ಜಾಸ್ತಿ. ಅಲ್ಲಿ ಮಕ್ಕಳನ್ನು ಬಿಡಬೇಡಿ.

ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕಫದ ಪರೀಕ್ಷೆಗೆ ದುಡ್ಡಿಲ್ಲ. ಡಾಕ್ಟರಿಗೆ ಮಾಡುವ ಕೆಲಸ ಯಾವುದು ಅಂತ ತಪ್ಪದೆ ಹೇಳಿ. ಹೇಳದಿದ್ದರೆ ಬರೀ ಕೆಮ್ಮು ಅಂದುಕೊಂಡುಬಿಡಬಹುದು.

ಅಲ್ಲಿ ಗಾಬರಿಯಲ್ಲಿ ಮಾತು ಮರೆತು ಹೋಗುತ್ತೆ, ಅಲ್ಲವೇ? ಈಗ ನಿಮಗೆ ಬರೆಯಲು ಬರುತ್ತದೆ. ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ:

"ನಮ್ಮದು ಕಲ್ಲು ಕಟೆಯುವ ಕೆಲಸ. 12 ವರ್ಷ ಆಯಿತು. 2 ತಿಂಗಳಿಂದ ಕೆಮ್ಮು."

ನಿಮ್ಮ ಮನೆಯಲ್ಲಿ ಈ ಕೆಲಸ ಇಲ್ಲದಿದ್ದರೆ, ಇರುವವರ ಮನೆಗೆ ಹೋಗಿ ಈ ಪಾಠ ಓದಿ ಹೇಳಿ.