ಮೊದಲು ಕಿವಿ, ಅನಂತರ ಯಂತ್ರ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ನೆರವಿನಿಂದ ಮನೆಯಲ್ಲಿಯೇ ಸಂಗೀತವನ್ನು ರಚಿಸುವ ಹವ್ಯಾಸವು ಈಚೆಗೆ ನಮ್ಮ ತಾಳವಾಡಿಯ ಮಕ್ಕಳನ್ನೂ ಸೆಳೆದಿದೆ. "ಮಗನು ದೊಡ್ಡ ಕೀಬೋರ್ಡು ಬೇಕೆನ್ನುತ್ತಾನೆ; ಫಸಲಿನ ಹಣ ಬಂದಿದೆ, ಕೊಡಿಸಬಹುದೇ?" ಎಂದು ಪೋಷಕರೊಬ್ಬರು ನನ್ನನ್ನು ಕೇಳಿದರು. ಬೆವರು ಸುರಿಸಿ ಗಳಿಸಿದ ಹಣವದು. ಆದುದರಿಂದ ಉತ್ತರವನ್ನು ತಮ್ಮೆಲ್ಲರ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ವಿದ್ಯುತ್ತಿನ ವಾದ್ಯ ನಮ್ಮವರಿಗೆ ಹೊಸದಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರು ಎಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. ಶ್ರುತಿಯನ್ನರಿತ ಕಿವಿಯಿದ್ದುದರಿಂದಲೇ ಅವರ ಕೈಯಲ್ಲಿ ಯಂತ್ರವು ತಂಬೂರಿಯಾಯಿತು. ಕಿವಿ ಮೊದಲು, ಯಂತ್ರ ಅನಂತರ ಎಂಬುದೇ ನನ್ನ ಮಾತಿನ ತಿರುಳು.

ಮನೆಯಲ್ಲಿ ಲ್ಯಾಪ್‌ಟಾಪು ಇದ್ದರೆ ಅದೇ ಸಾಕು. ಗಾಳಿಮಳೆಗೆ ವಿದ್ಯುತ್ತು ನಿಂತರೂ ಅದರ ಬ್ಯಾಟರಿಯು ಕೆಲಸವನ್ನು ಕಾಯುತ್ತದೆ. ಧ್ವನಿಯನ್ನು ಹಿಡಿದು ತಿದ್ದಲು 'ಆಡಾಸಿಟಿ', ಸ್ವರತಾಳಗಳನ್ನು ಜೋಡಿಸಲು 'ಎಲ್ಎಂಎಂಎಸ್' ಎಂಬ ತಂತ್ರಾಂಶಗಳು ಹಣವಿಲ್ಲದೆ ದೊರೆಯುತ್ತವೆ.

ಮೊದಲು ಕೊಳ್ಳತಕ್ಕದ್ದು ಒಳ್ಳೆಯ ಹೆಡ್‌ಫೋನು. ಅದು ಕಿವಿಯನ್ನು ಪೂರ್ತಿ ಮುಚ್ಚುವಂತಿರಲಿ, ತಂತಿಯದಾಗಿರಲಿ. ತಂತಿಯಿಲ್ಲದ ಬ್ಲೂಟೂತ್‌ನಲ್ಲಿ ನಾದವು ತುಸು ತಡವಾಗಿ ಕೇಳಿಸುವುದರಿಂದ ತಾಳ ತಪ್ಪುತ್ತದೆ.

ಎರಡನೆಯದು ಎರಡು ಸ್ಥಾಯಿಗಳ, 25 ಮನೆಗಳ ಚಿಕ್ಕ ಮಿಡಿ ಕೀಬೋರ್ಡು. ಇದರಲ್ಲಿ ಸ್ವಂತ ನಾದವಿರುವುದಿಲ್ಲ. ಯಾವ ಮನೆಯನ್ನು ಎಷ್ಟು ಬಲವಾಗಿ ಒತ್ತಿದಿರಿ ಎಂಬ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ನಾದವನ್ನು ಕೊಡುವುದು ತಂತ್ರಾಂಶ. 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಏರ್ಪಾಟು ಇದೇ. ಹೀಗಿರುವಲ್ಲಿ ಕೀಬೋರ್ಡು ದೊಡ್ಡದಾದ ಮಾತ್ರಕ್ಕೆ ನಾದವು ಇಂಪಾಗದು.

ಹಾಡನ್ನು ಮುದ್ರಿಸಬೇಕಾದಾಗ ಮಾತ್ರ ಮೈಕನ್ನೂ, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸನ್ನೂ ಕೊಳ್ಳಿರಿ. ಕಂಡೆನ್ಸರ್ ಮೈಕು ಬಹು ಸೂಕ್ಷ್ಮವಾದುದು. ಇಂಟರ್‌ಫೇಸಿನಿಂದ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ತನ್ನು ಬೇಡುತ್ತದೆ. ತಗಡಿನ ಮೇಲಿನ ಮಳೆಯನ್ನೂ ಬೀದಿಯ ನಾಯಿಯನ್ನೂ ಹಾಡಿನೊಡನೆ ಹಿಡಿಯುತ್ತದೆ. ನಮ್ಮ ಮನೆಗಳಿಗೆ ಡೈನಮಿಕ್ ಮೈಕೇ ಮೇಲು. ಗೋಡೆಗೆ ಕಂಬಳಿಯನ್ನೋ ಕೌದಿಯನ್ನೋ ತೂಗುಬಿಟ್ಟರೆ ಪ್ರತಿಧ್ವನಿಯು ತಗ್ಗುತ್ತದೆ. ಅದಕ್ಕೆ ಕಾಸೂ ಬೇಡ.

ಉಳಿದುದಕ್ಕೆ ಒಂದು ನಿಯಮ: ಇದ್ದುದರಲ್ಲಿ ಮೂರು ಹಾಡುಗಳನ್ನು ಪೂರ್ಣಗೊಳಿಸುವವರೆಗೆ ಹೊಸದೇನನ್ನೂ ಕೊಳ್ಳಬೇಡಿರಿ. ಆಗ ಕೊರತೆ ಎಲ್ಲಿದೆಯೆಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ.

ನಮ್ಮ ಗಾಜನೂರಿನ ರಾಜಕುಮಾರರು 'ಜೀವನ ಚೈತ್ರ' ಚಿತ್ರದ ಹಾಡಿಗಾಗಿ 1992ನೆಯ ಸಾಲಿನ ಅತ್ಯುತ್ತಮ ಗಾಯಕರೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಾಡೆಲ್ಲ ಮೆಚ್ಚಿದ ಆ ಕಂಠವು ಅಂಗಡಿಯಲ್ಲಿ ಕೊಂಡುದಲ್ಲ, ಸಾಧನೆಯಿಂದ ಬಂದುದು.

ಮಕ್ಕಳೇ, ನಿಮ್ಮ ಅಜ್ಜಿಯಂದಿರ ಸೋಬಾನೆ ಪದಗಳನ್ನೂ, ಮಾದೇಶ್ವರನ ಪದಗಳನ್ನೂ, ಸೋಲಿಗ ಬಂಧುಗಳ ಹಾಡುಗಳನ್ನೂ ಕಿವಿಗೊಟ್ಟು ಕೇಳಿರಿ. ಹಾಡಿದವರ ಒಪ್ಪಿಗೆಯನ್ನು ಪಡೆದು, ಅವರ ಹೆಸರನ್ನು ಬರೆದಿಟ್ಟು, ಮುದ್ರಿಸಿರಿ. ಆ ಕಂಠಗಳು ಒಮ್ಮೆ ಮೌನವಾದರೆ ಎಷ್ಟು ಬೆಲೆಯ ಯಂತ್ರವೂ ಅವನ್ನು ಮರಳಿ ತಂದುಕೊಡಲಾರದು. ಪೋಷಕರೇ, ಆ ಕೆಲಸಕ್ಕೆ ಬೇಕಾದಷ್ಟನ್ನು ಕೊಡಿಸಿರಿ. ಅದಕ್ಕಿಂತ ಹೆಚ್ಚು ಬೇಡ.